ಜರ್ಮನಿಯಲ್ಲಿ ಮೂರು ಬ್ಯಾಂಕ್ ಖಾತೆ, ಪಾಸ್‌ಪೋರ್ಟಿನಲ್ಲಿ ಒಂದು ಖಾಲಿ ಜಾಗ

ಹುತ್ತರಿಗೆ ಊರಿಗೆ ಬಂದಿದ್ದೇನೆ. ಬಂದ ಮೂರನೇ ದಿನವೇ ಪಕ್ಕದ ತೋಟದ ಮಾಮ ಮಗಳನ್ನು ಕರೆದುಕೊಂಡು ಬಂದರು. ಅವಳು ಮುಂದಿನ ಅಕ್ಟೋಬರಿಗೆ ಜರ್ಮನಿಗೆ ಓದಲು ಹೊರಟಿದ್ದಾಳೆ. "ಅಕ್ಕಾ, ಅಲ್ಲಿ ಅಕೌಂಟ್ ಯಾವ ಬ್ಯಾಂಕಲ್ಲಿ ಮಾಡಿಸೋದು?" ಅಂತ ಕೇಳಿದಳು. ನೀನಿರುವ ಊರಿನ ಶ್ಪಾರ್‌ಕಾಸೆಗೆ, ಅಂದರೆ ಅಲ್ಲಿಯ ಸ್ಥಳೀಯ ಬ್ಯಾಂಕಿಗೆ ಹೋಗು ಅಂದೆ. ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಯಾಕೆ ಅಂತ ಕೇಳಿದಳು. ಅದಕ್ಕೆ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ಅಲ್ಲಿಗೆ ಓದಲು ಹೋದದ್ದು 2024ರ ಅಕ್ಟೋಬರಿನಲ್ಲಿ. ಕಾಫಿಗೆ ಒಳ್ಳೆ ಬೆಲೆ ಬಂದ ವರ್ಷ, ಇಲ್ಲದಿದ್ದರೆ ಹೋಗುತ್ತಲೇ ಇರಲಿಲ್ಲ. ವೀಸಾ ಬೇಕಾದರೆ ಒಂದು ವರ್ಷದ ಖರ್ಚನ್ನು ಮೊದಲೇ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಆಗ ಅದು 11,904 ಯೂರೋ, ನಮ್ಮ ದುಡ್ಡಲ್ಲಿ ಸುಮಾರು ಹನ್ನೊಂದು ಲಕ್ಷ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋ ಬಿಡುತ್ತಾರೆ. ಬಿಡುವುದು ನಿಮ್ಮ ಹೆಸರಿನ ಕರೆಂಟ್ ಅಕೌಂಟಿಗೆ, ಅಂದರೆ ದಿನದ ಖರ್ಚಿನ ಖಾತೆಗೆ ಮಾತ್ರ. ಅಂದರೆ ಅಪ್ಪ ಕಟ್ಟಿದ ದುಡ್ಡು ಕಣ್ಣಿಗೆ ಕಾಣುತ್ತದೆ, ಅಕೌಂಟ್ ಆಗುವವರೆಗೆ ಕೈಗೆ ಬರಲ್ಲ.

ಆ ಕರೆಂಟ್ ಅಕೌಂಟಿಗೆ ಮೂರು ದಾರಿ ನೋಡಿದೆ.

ಮೊದಲನೆಯದು, ಬ್ಲಾಕ್ಡ್ ಅಕೌಂಟ್ ಮಾಡಿಕೊಟ್ಟ ಕಂಪನಿಯೇ ಜೊತೆಗೆ ಕೊಡುವ ಖಾತೆ. ಊರಲ್ಲಿ ಕೂತೇ ಅರ್ಜಿ ಹಾಕಬಹುದು. ಆಗಸ್ಟ್ ಮಳೆಯಲ್ಲಿ ಕರೆಂಟ್ ಹೋಗಿ, ಟವರ್ ಹೋಗಿ, ಕೊನೆಗೆ ಮಡಿಕೇರಿಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಮುಗಿಸಿದೆ ಅನ್ನುವುದು ಬೇರೆ ಮಾತು. ಖಾತೆ ಆಯಿತು. ಆದರೆ ಅದರ ಐಬಾನ್, ಅಂದರೆ ಅಲ್ಲಿ ಬಳಸುವ ಖಾತೆ ನಂಬರ್, ಜರ್ಮನಿಯದಲ್ಲ, ಬೇರೆ ಯುರೋಪ್ ದೇಶದ್ದು. ಜರ್ಮನಿಯ ಐಬಾನ್ ಡಿಇ ಅಂತ ಶುರುವಾಗಿ ಒಟ್ಟು 22 ಅಕ್ಷರ, ಅಂಕಿ ಇರುತ್ತದೆ. ನನ್ನದು ಹಾಗಿಲ್ಲ ಅಂತ ಮನೆ ಮಾಲೀಕರು ಬಾಡಿಗೆಗೆ ಅದು ಬೇಡ ಅಂದರು. ಯುರೋಪ್ ಒಕ್ಕೂಟದ ಯಾವ ದೇಶದ ಐಬಾನ್ ಆದರೂ ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ. ಆದರೆ ಉಳಿಯಲು ರೂಮ್ ಕೊಟ್ಟವರ ಹತ್ತಿರ ಮೊದಲ ವಾರವೇ ಕಾನೂನು ಮಾತಾಡಲು ಆಗುತ್ತಾ? ಸುಮ್ನೆ ಬಂದೆ.

ಎರಡನೆಯದು, ಫೋನಿನಲ್ಲೇ ಇರುವ ಬ್ಯಾಂಕ್. ಶಾಖೆ ಇಲ್ಲ, ಕೌಂಟರ್ ಇಲ್ಲ, ಎಲ್ಲಾ ಆ್ಯಪ್. ನನ್ನ ಜೊತೆ ಬಂದವರೆಲ್ಲ ಅದನ್ನೇ ಮಾಡಿದ್ದರು. ಹಾಸನದ ಹುಡುಗನಿಗೆ ಹತ್ತು ನಿಮಿಷದಲ್ಲಿ ಆಯಿತಂತೆ. ನನಗೆ ಮೂರು ವಾರ ಹಿಡಿಯಿತು.

ತೊಂದರೆ ನನ್ನ ಹೆಸರಿನದು. ನಮ್ಮ ಕಡೆ ಮನೆ ಹೆಸರು ಮೊದಲು, ಆಮೇಲೆ ನಮ್ಮ ಹೆಸರು, ಆಮೇಲೆ ಅಪ್ಪನ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಇದೆಲ್ಲವನ್ನೂ ಒಟ್ಟಿಗೆ ಗಿವನ್ ನೇಮ್ ಅನ್ನುವ ಜಾಗದಲ್ಲಿ ಬರೆಸಿದ್ದೆವು. ಸರ್‌ನೇಮ್ ಜಾಗ ಖಾಲಿ. ಊರಲ್ಲಿ ಇದರಿಂದ ಒಂದು ದಿನವೂ ತೊಂದರೆ ಆಗಿಲ್ಲ. ನಮ್ಮ ಸೊಸೈಟಿಯಲ್ಲಿ ಮನೆ ಹೆಸರು ಹೇಳಿದರೆ ಸಾಕು, ಅಜ್ಜನ ಸಾಲದವರೆಗೆ ಗೊತ್ತಿರುತ್ತದೆ.

ಆ್ಯಪಿನ ಅರ್ಜಿ ಸರ್‌ನೇಮ್ ಖಾಲಿ ಬಿಡಲು ಒಪ್ಪಲಿಲ್ಲ. ಮನೆ ಹೆಸರನ್ನು ಅಲ್ಲಿ ಹಾಕಿದೆ. ಸುಳ್ಳೇನೂ ಅಲ್ಲವಲ್ಲ! ಆಮೇಲೆ ವಿಡಿಯೋ ಕರೆ. ಪಾಸ್‌ಪೋರ್ಟನ್ನು ಕ್ಯಾಮೆರಾ ಮುಂದೆ ಆ ಕಡೆ ಈ ಕಡೆ ವಾಲಿಸಿ ಹೊಳೆಯುವ ಗುರುತು ತೋರಿಸಬೇಕು. ತೋರಿಸಿದೆ. ನಂಬರ್ ಓದಬೇಕು, ಓದಿದೆ. ಕೊನೆಗೆ ಆ ಕಡೆಯವರು, ಅರ್ಜಿಯಲ್ಲಿ ಸರ್‌ನೇಮ್ ಇದೆ, ಪಾಸ್‌ಪೋರ್ಟಿನಲ್ಲಿ ಇಲ್ಲ, ಹೊಂದುತ್ತಿಲ್ಲ ಅಂದರು. ಫೋನ್ ಇಟ್ಟರು. ಅರ್ಜಿ ರದ್ದು.

ಎರಡನೇ ಸಲ ಪೂರ್ತಿ ಹೆಸರನ್ನು ಎರಡೂ ಕಡೆ ಹಾಕಿದೆ. ಅದೂ ರದ್ದು. ಒಂದು ಚುಕ್ಕೆ ಹಾಕಿ ನೋಡಿದೆ, ಗೆರೆ ಹಾಕಿ ನೋಡಿದೆ. ಅಕ್ಷರ ಮಾತ್ರ ಬರೆಯಿರಿ ಅಂತ ಕೆಂಪು ಬಣ್ಣದಲ್ಲಿ ಬಂತು. ಸಹಾಯಕ್ಕೆ ಚಾಟ್ ಇದೆ. ಕೇಳಿದ್ದಕ್ಕೆಲ್ಲ ನಾಲ್ಕು ಸಿದ್ಧ ಉತ್ತರ ಮಾತ್ರ. ಮನುಷ್ಯರು ಸಿಕ್ಕಿದ್ದು ಎಂಟನೇ ದಿನಕ್ಕೆ. ಅವರು ವಿಡಿಯೋ ಬಿಟ್ಟು ಪೋಸ್ಟ್ ಆಫೀಸಿಗೆ ಹೋಗಿ ಗುರುತು ತೋರಿಸಲು ಹೇಳಿದರು. ಜರ್ಮನಿಯಲ್ಲಿ ಈ ಪದ್ಧತಿಯೂ ಇದೆ. ಅಲ್ಲಿ ಕೌಂಟರಿನವರು ಪಾಸ್‌ಪೋರ್ಟ್ ನೋಡಿ, ನನ್ನ ಮುಖ ನೋಡಿ, ಸರಿ ಅಂತ ಒತ್ತಿದರು. ಮನೆ ಹೆಸರೇ ಸರ್‌ನೇಮ್ ಆಗಿ ಖಾತೆ ಆಯಿತು.

ಆಯಿತಲ್ಲ ಅಂದುಕೊಂಡರೆ ಕಾರ್ಡ್ ಬರಲಿಲ್ಲ. ಜರ್ಮನಿಯಲ್ಲಿ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು ಇಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ನಮ್ಮೂರಿನ ಪೋಸ್ಟ್‌ಮ್ಯಾನ್ ತರ ಅಂಗಡಿಯಲ್ಲಿ ಕೊಟ್ಟು, "ಅವರ ಮನೆಗೆ ತಲುಪಿಸಿ" ಅನ್ನುವುದು ಅಲ್ಲಿಲ್ಲ. ನಾನಿದ್ದ ಮನೆಯ ಪೆಟ್ಟಿಗೆಯಲ್ಲಿ ಮಾಲೀಕರ ಹೆಸರು ಮಾತ್ರ ಇತ್ತು. ಆ ತಪ್ಪು ನನ್ನದೇ, ಒಪ್ಪುತ್ತೇನೆ. ಆಮೇಲೆ ಒಂದು ಚೀಟಿಯಲ್ಲಿ ಮನೆ ಹೆಸರು, ನನ್ನ ಹೆಸರು, ಅಪ್ಪನ ಹೆಸರು ಮೂರನ್ನೂ ಬರೆದು ಅಂಟಿಸಿದೆ. ಪೆಟ್ಟಿಗೆಗಿಂತ ಚೀಟಿ ದೊಡ್ಡದಾಯಿತು. ಅಲ್ಲಿಯವರೆಗೆ ಊರಿಂದ ತಂದ ನಗದು, ಅಕ್ಕಿ ರೊಟ್ಟಿಗೆ ಅಂತ ಅಮ್ಮ ಕಟ್ಟಿಕೊಟ್ಟ ಹಿಟ್ಟು, ಇಷ್ಟರಲ್ಲೇ ದಿನ ತಳ್ಳಿದೆ.

ಇದರ ನಡುವೆ ಒಂದು ಬೆಳಿಗ್ಗೆ ಸಿಟ್ಟು ಬಂದು ಶ್ಪಾರ್‌ಕಾಸೆಗೆ ನಡೆದೆ. ಅಲ್ಲಿ ಹೇಗೆ ಅಂದರೆ, ಒಂದೊಂದು ಊರಿಗೆ ಅಥವಾ ಜಿಲ್ಲೆಗೆ ಅದರದ್ದೇ ಶ್ಪಾರ್‌ಕಾಸೆ. ಇಡೀ ದೇಶದಲ್ಲಿ ಮುನ್ನೂರಕ್ಕೂ ಜಾಸ್ತಿ ಇವೆ. ಬೋರ್ಡು ಎಲ್ಲಾ ಕಡೆ ಕೆಂಪು, ಆದರೆ ಬ್ಯಾಂಕ್ ಬೇರೆ ಬೇರೆ. ನಮ್ಮಲ್ಲಿ ಜಿಲ್ಲೆ ಮಟ್ಟದ ಡಿಸಿಸಿ ಬ್ಯಾಂಕ್ ಇದ್ದ ಹಾಗೆ ಅಂದುಕೊಳ್ಳಿ. ಆದರೆ ಸಹಕಾರಿ ಅಲ್ಲ, ಊರಿನ ಆಡಳಿತದ ಜೊತೆ ಸೇರಿದ್ದು. ಹಾಗಾಗಿ ಶುಲ್ಕವೂ ಊರಿಂದ ಊರಿಗೆ ಬೇರೆ. ನಾನಿದ್ದ ಊರಲ್ಲಿ ವಿದ್ಯಾರ್ಥಿಗಳಿಗೆ ತಿಂಗಳ ಶುಲ್ಕ ಇರಲಿಲ್ಲ. ನಿಮ್ಮ ಊರಲ್ಲಿ ಕೇಳಿಕೊಳ್ಳಿ.

ಒಂದು ವಾರ ಬಿಟ್ಟು ಬರಲು ಸಮಯ ಕೊಟ್ಟರು. ಪಾಸ್‌ಪೋರ್ಟ್, ಯೂನಿವರ್ಸಿಟಿ ಪತ್ರ, ವಿಳಾಸ ನೋಂದಣಿ ಪತ್ರ ಕೇಳಿದರು. ಈ ಕೊನೆಯದು ಮುಖ್ಯ. ಮನೆಗೆ ಬಂದು ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮಾಲೀಕರ ಸಹಿ ಇರುವ ಕಾಗದ ಇಲ್ಲದೆ ಅದು ಆಗಲ್ಲ. ನಗರ ಕಚೇರಿಯವರು ನನ್ನ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗಕ್ಕೆ ಹಾಕಿ, ಮೊದಲ ಹೆಸರಿಗೆ ಒಂದು ಗೆರೆ ಎಳೆದಿದ್ದರು. ಬ್ಯಾಂಕಿನ ಹೆಂಗಸು ಪಾಸ್‌ಪೋರ್ಟ್ ನೋಡಿದರು, ಆ ಪತ್ರ ನೋಡಿದರು, ಅದೇ ತರ ಗೆರೆ ಹಾಕಿದರು. ಮುಗಿಯಿತು! ನಾನು ವಿವರಿಸಲು ಜರ್ಮನ್ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಹೇಳುವ ಅವಕಾಶವೇ ಬರಲಿಲ್ಲ.

ಐಬಾನ್ ಅವತ್ತೇ ಕೈಗೆ ಬಂತು. ಕಾರ್ಡ್ ಒಂದು ಲಕೋಟೆಯಲ್ಲಿ, ಪಿನ್ ಇನ್ನೊಂದರಲ್ಲಿ, ಬೇರೆ ಬೇರೆ ದಿನ ಬಂದವು. ನನ್ನ ದೊಡ್ಡ ಚೀಟಿ ಕೆಲಸಕ್ಕೆ ಬಂತು.

ಫೋನ್ ಬ್ಯಾಂಕಿನ ಆ್ಯಪ್ ಚೆನ್ನಾಗಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಇಂಗ್ಲಿಷ್ ಇದೆ, ಒಂದು ಬನ್ ತೆಗೆದುಕೊಂಡರೂ ತಕ್ಷಣ ಮೆಸೇಜ್. ಶ್ಪಾರ್‌ಕಾಸೆಯಲ್ಲಿ ಬಂದ ಕಾಗದವೆಲ್ಲ ಜರ್ಮನ್. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುತ್ತಾರೆ. ಬೇರೆ ಬ್ಯಾಂಕಿನ ಎಟಿಎಂಗೆ ಹೋದರೆ ದುಡ್ಡು ಕಟ್ಟಬೇಕು. ಊರಿಗೆ ಹಣ ಕಳಿಸಲು ಅವರ ದರ ದುಬಾರಿ, ಅದಕ್ಕೆ ಬೇರೆ ಆ್ಯಪ್ ಬಳಸುತ್ತೇನೆ. ಠೇವಣಿ ಭದ್ರತೆಯಲ್ಲಿ ವ್ಯತ್ಯಾಸ ಇಲ್ಲ, ಯುರೋಪ್ ಒಕ್ಕೂಟದ ಬ್ಯಾಂಕ್ ಆದರೆ ಒಂದು ಬ್ಯಾಂಕಿನಲ್ಲಿ ಒಬ್ಬರಿಗೆ 1 ಲಕ್ಷ ಯೂರೋವರೆಗೆ ಇದೆ. ಅಷ್ಟು ದುಡ್ಡು ನಮ್ಮ ಹತ್ತಿರ ಯಾವಾಗ ಆಗುತ್ತೋ!

ಆದರೂ ನನಗೆ ಶ್ಪಾರ್‌ಕಾಸೆಯೇ. ವಾರಕ್ಕೊಮ್ಮೆ ನಗದು ತೆಗೆದು, ಖರ್ಚನ್ನು ನೋಟ್ ಪುಸ್ತಕದಲ್ಲಿ ಬರೆಯುವವಳು ನಾನು. 992ರಲ್ಲಿ 340 ಬಾಡಿಗೆ, ಅದರ ಮೇಲೆ ಆರೋಗ್ಯ ವಿಮೆ. ಉಳಿದದ್ದರಲ್ಲಿ ಒಂದು ತಪ್ಪಾದರೆ ಕೇಳಲು ಎದುರಿಗೆ ಒಬ್ಬರು ಬೇಕು. ಅಪ್ಪ ಫೋನಿನಲ್ಲಿ ಮೊದಲು ಕೇಳಿದ್ದೂ ಅದೇ, "ಮ್ಯಾನೇಜರ್ ಹೇಗೆ, ಒಳ್ಳೆಯವರಾ?" ಫೋನ್ ಬ್ಯಾಂಕಿನ ಬಗ್ಗೆ ಆ ಪ್ರಶ್ನೆಗೆ ಏನು ಹೇಳಲಿ?

ಈಗಂತೂ ಹೆಸರಿನ ತೂಕ ಇನ್ನೂ ಹೆಚ್ಚಾಗಿದೆ. 2025ರ ಅಕ್ಟೋಬರ್ 9ರಿಂದ ಯೂರೋ ದೇಶಗಳ ಬ್ಯಾಂಕುಗಳು, ಹಣ ಕಳಿಸುವ ಮೊದಲು ಐಬಾನ್ ಮತ್ತು ಹೆಸರು ಹೊಂದುತ್ತವೆಯಾ ಅಂತ ನೋಡಿ ಹೇಳಬೇಕು. ಎರಡು ಬ್ಯಾಂಕಿನಲ್ಲಿ ಎರಡು ತರ ಹೆಸರಿಟ್ಟುಕೊಂಡ ನನಗೆ ಹೊಂದುವುದಿಲ್ಲ ಅನ್ನುವ ಎಚ್ಚರಿಕೆ ಆಗಾಗ ಬರುತ್ತಿತ್ತು. ನವೆಂಬರಿನಲ್ಲಿ ಫೋನ್ ಬ್ಯಾಂಕಿನ ಖಾತೆ ಮುಚ್ಚಿದೆ. ಮುಚ್ಚಲು ಎರಡು ನಿಮಿಷ ಸಾಕಾಯಿತು, ಅದನ್ನೂ ಒಪ್ಪುತ್ತೇನೆ.

ಇನ್ನೊಂದು ಸಣ್ಣ ಮಾತು. ಹೋದ ಮೇಲೆ ಊರಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ವಿದೇಶದಲ್ಲಿರುವವರ ಖಾತೆ ಮಾಡಿಸಬೇಕು. ನಾನು ತಡ ಮಾಡಿದೆ, ನೀವು ಮಾಡಬೇಡಿ.

ಇಷ್ಟು ಹೇಳಿ, ಹುಡುಗಿಯ ಪಾಸ್‌ಪೋರ್ಟ್ ತರಿಸಿ ನೋಡಿದೆ. ಸರ್‌ನೇಮ್ ಖಾಲಿ. ಮಾಮ ನನ್ನ ಮುಖ ನೋಡಿದರು. ಬ್ಲಾಕ್ಡ್ ಅಕೌಂಟ್ ಇನ್ನೂ ಮಾಡಿಲ್ಲ, ವೀಸಾ ಅರ್ಜಿಯೂ ಹಾಕಿಲ್ಲ. ಕಾಫಿ ಕೊಯ್ಲು ಮುಗಿದ ತಕ್ಷಣ ಪಾಸ್‌ಪೋರ್ಟ್ ಸರಿ ಮಾಡಿಸಲು ಇಬ್ಬರೂ ಮೈಸೂರಿಗೆ ಹೋಗುತ್ತಾರೆ.