ಗೋಲ್ಡ್ ಫಿಶ್ ಟ್ಯಾಂಕಿಗೆ ಏರ್ ಸ್ಟೋನ್: ಹಾಸನದ ಬೋರ್ ನೀರಿನಲ್ಲಿ ಕೆಲವು ವರ್ಷ ಬಳಸಿದ ಮೇಲೆ

ಏರ್ ಸ್ಟೋನ್, ಅಂದರೆ ಪಂಪಿನ ಗಾಳಿಯನ್ನು ಟ್ಯಾಂಕಿನ ನೀರಿಗೆ ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು, ತರುವ ಯೋಚನೆ ಇದ್ದರೆ ಕಲ್ಲಿನ ಬ್ರ್ಯಾಂಡ್ ಹುಡುಕುತ್ತಾ ತಲೆ ಕೆಡಿಸಿಕೊಳ್ಳಬೇಡಿ. ಅಂಗಡಿಯಲ್ಲಿ 20–30 ರೂಪಾಯಿಗೆ ಸಿಗುವ ನೀಲಿ ಬಣ್ಣದ ಮರಳುಕಲ್ಲೇ ಸಾಕು. ದುಡ್ಡು ಹಾಕುವುದಾದರೆ ಪಂಪಿಗೆ ಹಾಕಿ, ಜೊತೆಗೆ ನೀರು ಪೈಪಿನಲ್ಲಿ ಹಿಂದಕ್ಕೆ ಬರದ ಹಾಗೆ ತಡೆಯುವ ಚೆಕ್ ವಾಲ್ವ್ ಒಂದು ತನ್ನಿ. ಆಮೇಲಿನದ್ದೆಲ್ಲ ನಿಮ್ಮ ಮನೆಗೆ ಬರುವ ನೀರು ಎಂಥದ್ದು ಅನ್ನುವುದರ ಮೇಲಿದೆ.

ನಮ್ಮ ಮನೆ ಸಾಲಗಾಮೆ ರಸ್ತೆ ಕಡೆ. ಹಾಲ್‌ನಲ್ಲಿ ಎರಡಡಿ ಉದ್ದದ ಟ್ಯಾಂಕ್, ಅಗಲ ಎತ್ತರ ಒಂದೊಂದು ಅಡಿ. ಅಂಚಿನ ತನಕ ತುಂಬಿಸಿದರೆ 56 ಲೀಟರ್ ಹಿಡಿಯುತ್ತದೆ, ತಳದ ಕಲ್ಲು ಕಳೆದರೆ 50ರ ಒಳಗೇ. ಅದರಲ್ಲಿ ಎರಡು ಗೋಲ್ಡ್ ಫಿಶ್. ಅಷ್ಟು ನೀರಿಗೆ ಎರಡೇ ಹೆಚ್ಚು, ಅಂಗಡಿಯವರು ಆರು ಬಿಡಬಹುದು ಅಂದರೂ ನಂಬಬೇಡಿ. ಹಾಸನದ ಡಿಸೆಂಬರ್ ಚಳಿಗೆ ಹೀಟರ್ ಇಲ್ಲದೆ ಬದುಕುವ ಮೀನು ಅಂತ ಇದನ್ನು ಆರಿಸಿದ್ದು. ಆದರೆ ಗೋಲ್ಡ್ ಫಿಶ್ ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ, ಆಮ್ಲಜನಕ ಎಳೆಯುವುದೂ ಜಾಸ್ತಿ.

ಚಳಿಗಾಲ ಪೂರ್ತಿ ಬರೀ ಫಿಲ್ಟರ್ ಮೇಲೆ ಚೆನ್ನಾಗಿಯೇ ಇದ್ದವು. ಮಾರ್ಚ್ ಕಳೆಯುತ್ತಿದ್ದಂತೆ ಬೆಳಗಿನ ಜಾವ ಎರಡೂ ನೀರಿನ ಮೇಲ್ಭಾಗಕ್ಕೆ ಬಂದು, ಬಾಯಿ ಉರುಟು ಮಾಡಿಕೊಂಡು ಗುಳುಕ್ ಗುಳುಕ್ ಅಂತ ನೀರಿನ ತೊಗಟೆಯನ್ನೇ ಕುಡಿಯುವ ಹಾಗೆ ನಿಲ್ಲತೊಡಗಿದವು. ಹೊತ್ತೇರಿ ಬೆಳಕು ಬಿದ್ದ ಮೇಲೆ ಕೆಳಗಿಳಿಯುತ್ತಿದ್ದವು. ಹಸಿವಿಗೆ ಮೇಲೆ ಬರುವ ಮೀನು ಕೈ ಕಂಡ ಕಡೆ ಓಡುತ್ತದೆ, ಉಸಿರಿಗೆ ಬಂದದ್ದು ಊಟ ಹಾಕಿದರೂ ತಿರುಗಿ ನೋಡುವುದಿಲ್ಲ.

ಲೆಕ್ಕ ಸರಳ. ಸಮುದ್ರ ಮಟ್ಟದಲ್ಲಿ 20 ಡಿಗ್ರಿಯ ಸಿಹಿನೀರು ಲೀಟರಿಗೆ ಹೆಚ್ಚೆಂದರೆ 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ; 30 ಡಿಗ್ರಿಗೆ ಬಂದರೆ ಅದು 7.5ಕ್ಕೆ ಇಳಿಯುತ್ತದೆ. ಹಾಸನ 900 ಮೀಟರಿಗಿಂತ ಮೇಲಿದೆ, ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಇದರಲ್ಲೂ ಸುಮಾರು ಹತ್ತನೇ ಒಂದು ಪಾಲು ಕಳೆಯಬೇಕು. ಚಿಕ್ಕಮಗಳೂರಿನವರು ಇನ್ನೊಂದಿಷ್ಟು ಕಳೆದುಕೊಳ್ಳಲಿ. ಇನ್ನು ಟ್ಯಾಂಕಿನಲ್ಲಿ ಗಿಡ ಇದ್ದರೆ ಅವು ಹಗಲು ಆಮ್ಲಜನಕ ಕೊಡುತ್ತವೆ, ರಾತ್ರಿ ಮೀನಿನ ಜೊತೆ ಸೇರಿ ತಾವೂ ಎಳೆಯುತ್ತವೆ. ಕೊರತೆ ಬೆಳಗಿನ ಜಾವವೇ ಕಾಣುವುದು ಅದಕ್ಕೆ.

ಹೀಗೆ ಏರ್ ಸ್ಟೋನ್ ಬಂತು. ಹಾಕಿದ ರಾತ್ರಿಯಿಂದಲೇ ಮೀನು ಮೇಲೆ ಬಂದು ನಿಲ್ಲುವುದು ನಿಂತಿತು. ಗುಳ್ಳೆಯೊಳಗಿನ ಗಾಳಿ ನೀರಿಗೆ ಇಳಿದು ಮೀನು ಉಸಿರಾಡುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಒಂದಡಿ ಆಳದ ಟ್ಯಾಂಕಿನಲ್ಲಿ ಗುಳ್ಳೆ ಮೇಲಕ್ಕೆ ಬರಲು ಎಷ್ಟು ಹೊತ್ತು ಬೇಕು ಹೇಳಿ? ಅಷ್ಟರಲ್ಲಿ ಇಳಿಯುವುದು ಸ್ವಲ್ಪವೇ. ನಿಜವಾದ ಕೆಲಸ ಆಗುವುದು ನೀರಿನ ಮೇಲ್ಭಾಗದಲ್ಲಿ. ಗುಳ್ಳೆಗಳ ಸಾಲು ತಳದ ನೀರನ್ನು ಮೇಲಕ್ಕೆಳೆದು ತರುತ್ತದೆ, ಮೇಲ್ಪದರವನ್ನು ಕಲಕುತ್ತದೆ, ಅಲ್ಲಿ ಗಾಳಿಯೂ ನೀರೂ ಕೊಡುಕೊಳ್ಳುತ್ತವೆ. ಹಾಗಾಗಿ ಕಲ್ಲನ್ನು ಫಿಲ್ಟರ್ ನೀರು ಬೀಳುವ ಜಾಗದ ಪಕ್ಕ ಇಟ್ಟರೆ ಪ್ರಯೋಜನ ಕಡಿಮೆ. ನೀರು ಅಲ್ಲಾಡದೆ ನಿಂತಿರುವ ಎದುರು ಮೂಲೆಯಲ್ಲಿಡಿ. ನಿಮ್ಮ ಫಿಲ್ಟರೇ ಮೇಲ್ಭಾಗವನ್ನು ಚೆನ್ನಾಗಿ ಕಲಕುತ್ತಿದ್ದರೆ ಏರ್ ಸ್ಟೋನ್ ಬರೀ ಚಂದಕ್ಕೆ, ಕೊಳ್ಳದಿದ್ದರೂ ನಡೆಯುತ್ತದೆ.

ಈಗ ಬೋರ್ ನೀರಿನ ವಿಷಯಕ್ಕೆ ಬರೋಣ. ನಮ್ಮ ಬೀದಿಗೆ ಹೇಮಾವತಿ ನೀರೂ ಬರುತ್ತದೆ, ಬೋರ್ ನೀರೂ ಬರುತ್ತದೆ, ಸಂಪಿನಲ್ಲಿ ಎರಡೂ ಸೇರುತ್ತವೆ. ಬೋರ್ ನೀರಿನ ಗಡಸುತನ ಬಿಸಿನೀರಿನ ಗೀಸರ್ ಬಿಚ್ಚಿದವರಿಗೆಲ್ಲ ಗೊತ್ತು. ಹೊಸ ಕಲ್ಲನ್ನು ನೀರಿಗಿಳಿಸಿದಾಗ ಸುತ್ತಲೂ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮಂಜಿನ ಹಾಗೆ ಏಳುತ್ತವೆ. ಕೆಲವು ತಿಂಗಳು ಕಳೆದ ಮೇಲೆ ಒಂದು ಪಕ್ಕ ಗುಳ್ಳೆಯೇ ಇರುವುದಿಲ್ಲ, ಇನ್ನೊಂದು ಪಕ್ಕ ಬಟಾಣಿ ಗಾತ್ರದ್ದು ಬುಳುಬುಳು ಅಂತ ಬರುತ್ತವೆ. ಹೊರತೆಗೆದು ಒಣಗಿಸಿದರೆ ನೀಲಿ ಕಲ್ಲಿನ ಮೇಲೆ ಬೂದುಬಿಳಿ ಪೊರೆ, ಉಗುರಿನಿಂದ ಕೆರೆದರೆ ಪುಡಿ ಉದುರುತ್ತದೆ. ಸುಣ್ಣದಂಶ ಕಟ್ಟಿಕೊಂಡದ್ದು ಅದು. ಬೆಳಕು ಬೀಳುವ ಕಡೆ ಇಟ್ಟರೆ ಪಾಚಿಯೂ ಸೇರುತ್ತದೆ.

ಕಲ್ಲು ಕಟ್ಟಿಕೊಂಡರೆ ಗುಳ್ಳೆ ಕಡಿಮೆ ಆಗುತ್ತೆ, ಅಷ್ಟೇ ತಾನೆ ಅನ್ನಬೇಡಿ. ಪಂಪಿನೊಳಗೆ ಇರುವುದು ಒಂದು ರಬ್ಬರ್ ಡಯಾಫ್ರಾಂ. ವಿದ್ಯುತ್ ಅಯಸ್ಕಾಂತ ಅದನ್ನು ಎಳೆದು ಬಿಟ್ಟು ಮಾಡುತ್ತಾ ಗಾಳಿ ತಳ್ಳುತ್ತದೆ. ಮುಂದೆ ದಾರಿ ಮುಚ್ಚಿದ್ದರೆ ರಬ್ಬರಿನ ಮೇಲೆ ಹಿಂದೊತ್ತಡ ಬೀಳುತ್ತದೆ, ಪಂಪು ಬಿಸಿಯಾಗುತ್ತದೆ, ಸದ್ದು ಏರುತ್ತದೆ, ಕೊನೆಗೆ ರಬ್ಬರ್ ಸೀಳುತ್ತದೆ. 20 ರೂಪಾಯಿಯ ಕಲ್ಲು 400 ರೂಪಾಯಿಯ ಪಂಪನ್ನು ಕೊಲ್ಲುವುದು ಹೀಗೆ. ನನ್ನ ಮೊದಲ ಪಂಪು ಹೋದದ್ದೂ ಹಾಗೇ. ಅಂಗಡಿಯವರು ಬಿಚ್ಚಿ ರಬ್ಬರ್ ತೋರಿಸಿ, "ಪಂಪು ಚೆನ್ನಾಗೇ ಇದೆ ಅಕ್ಕ, ನಿಮ್ ನೀರು ಸರಿಯಿಲ್ಲ, ಕಲ್ಲು ಆಗಾಗ ಬದಲಾಯಿಸ್ತಾ ಇರಿ" ಅಂದರು. ಬಿಡಿ ರಬ್ಬರ್ ಸಿಗುವ ಪಂಪೇ ಕೊಳ್ಳಿ ಅನ್ನುವುದು ಇದಕ್ಕೇ. ಗುಳ್ಳೆ ಹೆಚ್ಚಾಯಿತು ಅಂತ ಪೈಪನ್ನು ಮಡಚಿ ಕ್ಲಿಪ್ ಹಾಕುವವರನ್ನೂ ನೋಡಿದ್ದೇನೆ, ಅದರ ಫಲವೂ ಇದೇ. ಒಂದು ಟಿ ವಾಲ್ವ್ ಹಾಕಿ ಹೆಚ್ಚಿನ ಗಾಳಿಯನ್ನು ಹೊರಗೆ ಬಿಟ್ಟುಬಿಡಬೇಕು.

ತೊಳೆಯುವುದು ಕಷ್ಟವಿಲ್ಲ. ಕಲ್ಲನ್ನು ಬಿಳಿ ವಿನೆಗರ್‌ನಲ್ಲಿ ರಾತ್ರಿ ನೆನೆಹಾಕಿ. ಪುಸಪುಸ ಅಂತ ಸಣ್ಣ ನೊರೆ ಬಂದರೆ ಸುಣ್ಣ ಕರಗುತ್ತಿದೆ ಅಂತ ಲೆಕ್ಕ. ಬೆಳಿಗ್ಗೆ ಹಳೆಯ ಟೂತ್‌ಬ್ರಷ್‌ನಲ್ಲಿ ಉಜ್ಜಿ, ನಾಲ್ಕಾರು ಸಲ ಶುದ್ಧ ನೀರಿನಲ್ಲಿ ತೊಳೆದು, ಪಂಪಿಗೆ ಸಿಕ್ಕಿಸಿ ಬಕೆಟ್‌ನಲ್ಲಿ ಸ್ವಲ್ಪ ಹೊತ್ತು ಗಾಳಿ ಊದಿಸಿ, ಆಮೇಲೆ ಟ್ಯಾಂಕಿಗೆ ಹಾಕಿ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಮುಟ್ಟಿಸಬೇಡಿ, ರಂಧ್ರದೊಳಗೆ ಹೊಕ್ಕ ಸೋಪು ಬಿಡುವುದಿಲ್ಲ. ಎರಡು ಮೂರು ಸಲ ತೊಳೆದ ಮೇಲೆ ಕಲ್ಲು ಮೊದಲಿನ ಹಾಗೆ ಆಗುವುದಿಲ್ಲ, ಬಿಸಾಡಿ. ಬೆಲೆ ಜಾಸ್ತಿಯ ಸೆರಾಮಿಕ್ ಡಿಸ್ಕ್ ಕೂಡ ತಂದು ನೋಡಿದೆ. ಗುಳ್ಳೆ ತುಂಬಾ ಸಣ್ಣದು, ನೋಡಲು ಚಂದ, ಆದರೆ ರಂಧ್ರ ಎಷ್ಟು ಸಣ್ಣವೋ ಪಂಪಿಗೆ ಅಷ್ಟೇ ಶ್ರಮ, ನಮ್ಮ ನೀರಿಗೆ ಅಷ್ಟೇ ಬೇಗ ಕಟ್ಟಿಕೊಳ್ಳುವುದು. ಬರೀ ಹೇಮಾವತಿ ನೀರು ಹಾಕುವ ಮನೆಗಳಲ್ಲಿ ಅದು ಬಾಳಬಹುದು.

ಸದ್ದಿನ ಬಗ್ಗೆ ಎರಡು ಮಾತು. ಪಂಪನ್ನು ಮರದ ಸ್ಟ್ಯಾಂಡಿನ ಮೇಲೆ ಇಟ್ಟಿದ್ದಾಗ ನಮ್ಮನೆಯವರು ದಿನಾ ಬೆಳಿಗ್ಗೆ ಗೊಣಗುತ್ತಿದ್ದರು. ಕೆಳಗೆ ದಪ್ಪ ಸ್ಪಂಜು ಇಟ್ಟು, ಗೋಡೆಗೆ ತಾಗದ ಹಾಗೆ ಸರಿಸಿದ ಮೇಲೆ ಗೊಣಗಾಟ ನಿಂತಿತು. ಹಾಲ್‌ನಲ್ಲೇ ಮಲಗುವವರಿದ್ದರೆ ಕಡಿಮೆ ವ್ಯಾಟ್‌ನ ಪಂಪೇ ತನ್ನಿ. 5 ವ್ಯಾಟ್‌ನದ್ದು ಹಗಲೂ ರಾತ್ರಿ ಓಡಿದರೂ ತಿಂಗಳಿಗೆ 3.6 ಯೂನಿಟ್, ಬಿಲ್ಲಿನಲ್ಲಿ ಗೊತ್ತೇ ಆಗುವುದಿಲ್ಲ.

ಚೆಕ್ ವಾಲ್ವ್ ಬಗ್ಗೆ ಸಡಿಲ ಬಿಡಬೇಡಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೇಗೆ ಹೋಗಿ ಬರುತ್ತದೆ ಗೊತ್ತೇ ಇದೆ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಅದು ನಿಂತ ಕೂಡಲೇ ನೀರು ಪೈಪಿನಲ್ಲಿ ಹಿಂದಕ್ಕೆ ಹತ್ತಿ, ಸೈಫನ್ ಆಗಿ ಪಂಪಿನೊಳಗೆ, ಅಲ್ಲಿಂದ ಪ್ಲಗ್ ಪಾಯಿಂಟಿನ ತನಕ ಬರಬಹುದು. ವಾಲ್ವ್‌ನ ಬಾಣದ ಗುರುತು ಟ್ಯಾಂಕಿನ ಕಡೆಗಿರಬೇಕು. ಗುರುತು ಅಳಿಸಿದ್ದರೆ ಬಾಯಿಂದ ಊದಿ ನೋಡಿ: ಗಾಳಿ ದಾಟುವ ದಿಕ್ಕು ಟ್ಯಾಂಕಿಗೆ, ದಾಟದ ದಿಕ್ಕಿನಿಂದ ನೀರು ಬರಲಾರದು. ಇದೂ ಕಾಲಕ್ರಮೇಣ ಸೋರುತ್ತದೆ, ಹಾಗಾಗಿ ಪಂಪನ್ನೇ ನೀರಿನ ಮಟ್ಟಕ್ಕಿಂತ ಮೇಲಿನ ಶೆಲ್ಫಿನಲ್ಲಿಡುವುದು ಇನ್ನೂ ಒಳ್ಳೆಯದು. ಕರೆಂಟ್ ಗಂಟೆಗಟ್ಟಲೆ ಇಲ್ಲದಾಗ ಫಿಲ್ಟರ್‌ನೊಳಗಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಸಿಗುವುದಿಲ್ಲ. ಇನ್‌ವರ್ಟರ್ ಇಲ್ಲದವರು ಬ್ಯಾಟರಿ ಪಂಪೊಂದನ್ನು ಮನೆಯಲ್ಲಿಟ್ಟುಕೊಳ್ಳಿ. ಈ ಪುಟ್ಟ ಪಂಪಿನ ನಿಜವಾದ ಬೆಲೆ ಕರೆಂಟ್ ಹೋದ ರಾತ್ರಿಯೇ ಗೊತ್ತಾಗುವುದು.

ಪ್ಯಾಕೆಟ್ ಮೇಲೆ ಯಾರೂ ಬರೆಯದ ವಿಷಯ ಇನ್ನೊಂದಿದೆ. ಪಂಪು ಎಳೆದುಕೊಳ್ಳುವುದು ನಿಮ್ಮ ಹಾಲ್‌ನ ಗಾಳಿಯನ್ನೇ. ಸೊಳ್ಳೆ ಬತ್ತಿ, ಲಿಕ್ವಿಡ್ ಮಷಿನ್, ಜಿರಳೆ ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯಿಡ್ ಜಾತಿಯ ವಿಷ. ಮನುಷ್ಯರಿಗೆ ಅಷ್ಟಾಗಿ ತಾಗದಿದ್ದರೂ ಮೀನಿಗೆ ತೀರಾ ಅಪಾಯ, ಅದನ್ನು ಪಂಪು ನೇರ ನೀರಿಗೆ ಊದುತ್ತದೆ. ಸಂಜೆ ಸಾಂಬ್ರಾಣಿ ಹಾಕುವ ಮನೆಯವರೂ, ಬಣ್ಣ ಬಳಿಸುವವರೂ ಆ ಹೊತ್ತಿಗೆ ಪಂಪು ನಿಲ್ಲಿಸಿ, ಟ್ಯಾಂಕಿಗೆ ಬಟ್ಟೆ ಮುಚ್ಚಿ, ಕಿಟಕಿ ತೆಗೆದು ವಾಸನೆ ಹೋದ ಮೇಲೆ ಹಾಕಿ. ನಮ್ಮಲ್ಲಿ ಈಗ ಹಾಲ್‌ಗೆ ಸೊಳ್ಳೆ ಪರದೆಯೇ, ಬತ್ತಿ ಬಂದ್.

ಎಲ್ಲರಿಗೂ ಏರ್ ಸ್ಟೋನ್ ಬೇಕಿಲ್ಲ. ಅಡುಗೆಮನೆ ಕಟ್ಟೆಯ ಪುಟ್ಟ ಟ್ಯಾಂಕಿನಲ್ಲಿ ನಮ್ಮ ಫೈಟರ್ ಮೀನು ಇದೆ. ಅದಕ್ಕೆ ಕಿವಿರಿನ ಜೊತೆಗೆ ನೇರ ಗಾಳಿಯನ್ನೇ ಉಸಿರಾಡುವ ಅಂಗ ಇದೆ, ಗುಳ್ಳೆಯ ಸೆಳೆತಕ್ಕೆ ಅದರ ಉದ್ದ ರೆಕ್ಕೆ ಸುಸ್ತಾಗುತ್ತದೆ. ಗೌರಾಮಿ ಮೀನಿಗೂ ಆ ಅಂಗ ಉಂಟು. ಸಿಲಿಂಡರ್ ಇಟ್ಟು ಕಾರ್ಬನ್ ಡೈಆಕ್ಸೈಡ್ ಬಿಡುವ ಗಿಡದ ಟ್ಯಾಂಕಿನವರು ಹಗಲು ಏರ್ ಸ್ಟೋನ್ ಹಾಕಿದರೆ ದುಡ್ಡು ಕೊಟ್ಟ ಅನಿಲವೆಲ್ಲ ಹಾರಿಹೋಗುತ್ತದೆ, ರಾತ್ರಿ ಮಾತ್ರ ಟೈಮರ್‌ನಲ್ಲಿ ಓಡಿಸಿ. ಅದೇ, ಬಿಳಿ ಚುಕ್ಕೆ ರೋಗಕ್ಕೆ ನೀರು ಬಿಸಿ ಮಾಡಿ ಔಷಧಿ ಹಾಕುವಾಗ ಇದು ಇರಲೇಬೇಕು.

ಮುಂದಿನ ಸಲ ಹೊಸ ಟ್ಯಾಂಕ್ ಹಾಕಿದರೆ ನಾನು ಬಿಡಿ ಕಲ್ಲಿನ ಬದಲು ಇದೇ ಪಂಪಿಗೆ ಸ್ಪಂಜ್ ಫಿಲ್ಟರ್ ಸಿಕ್ಕಿಸುತ್ತೇನೆ. ಗುಳ್ಳೆಯೂ ಬರುತ್ತದೆ, ಗಲೀಜೂ ಹಿಡಿಯುತ್ತದೆ, ಬೆಲೆ 150ರ ಆಸುಪಾಸು. ಗೋಲ್ಡ್ ಫಿಶ್ ಟ್ಯಾಂಕಿನಲ್ಲಿ ನೀಲಿ ಕಲ್ಲೇ ಮುಂದುವರಿಯುತ್ತದೆ, ಡ್ರಾಯರ್‌ನಲ್ಲಿ ಇನ್ನೂ ಎರಡು ಬಿದ್ದಿವೆ.