ಯುಕೆಗೆ ವಾಪಸ್ ಹೊರಡುವ ಮೊದಲು ನಿಮ್ಮ ಇ-ವೀಸಾ ಖಾತೆ ತೆರೆದು ನೋಡಿ

ರಜೆಗೆ ಊರಿಗೆ ಬಂದು ಯುಕೆಗೆ ವಾಪಸ್ ಹೊರಟವರು, ಅದರಲ್ಲೂ ಇಲ್ಲಿ ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಂಡವರು, ದಯವಿಟ್ಟು ಇದನ್ನು ಪೂರ್ತಿ ಓದಿ. 2025ರ ಜುಲೈನಲ್ಲಿ ಗೋವಾ ಏರ್‌ಪೋರ್ಟಿನ ಕೌಂಟರಿನಿಂದ ಸೂಟ್‌ಕೇಸ್ ಎಳೆದುಕೊಂಡು ಅಂಕೋಲಾಕ್ಕೆ ವಾಪಸ್ ಬಂದವಳು ನಾನು.

ಇಂಗ್ಲೆಂಡಿನ ಒಂದು ಕೇರ್ ಹೋಮ್‌ನಲ್ಲಿ ನನ್ನ ಕೆಲಸ. ಮೊದಲು ನಮ್ಮ ಹತ್ತಿರ ಬಿಆರ್‌ಪಿ ಕಾರ್ಡ್, ಅಂದರೆ ಯುಕೆಯಲ್ಲಿ ಇರಲು ಅನುಮತಿ ಇದೆ ಅಂತ ತೋರಿಸುವ ಕಾರ್ಡ್, ಇರುತ್ತಿತ್ತು. ಪರ್ಸಿನಲ್ಲಿಟ್ಟುಕೊಂಡರೆ ಮುಗಿಯಿತು. 2024ರ ಅಕ್ಟೋಬರ್ ಕೊನೆಯಲ್ಲಿ ಹೊಸ ಕಾರ್ಡ್ ಕೊಡುವುದನ್ನೇ ನಿಲ್ಲಿಸಿದರು. ನನ್ನ ವೀಸಾ 2027ರವರೆಗೆ ಇದೆ, ಆದರೂ ಕಾರ್ಡಿನ ಮೇಲೆ 31 ಡಿಸೆಂಬರ್ 2024 ಅಂತಲೇ ಅಚ್ಚಾಗಿತ್ತು. ಈಗ ದಾಖಲೆಯೆಲ್ಲ ಆನ್‌ಲೈನ್‌ನಲ್ಲಿ, ಯುಕೆವಿಐ (ಯುಕೆಯ ವೀಸಾ-ವಲಸೆ ಇಲಾಖೆ) ಖಾತೆಯೊಳಗೆ. ಅದನ್ನೇ ಇ-ವೀಸಾ ಅನ್ನುವುದು.

ಆ ಖಾತೆ ಮಾಡುವುದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ನನಗೆ ಗೊತ್ತಿರಲಿಲ್ಲ. ವೀಸಾ ಮಾಡಿಸಿದ ಏಜೆಂಟರಿಗೇ ಫೋನ್ ಮಾಡಿದೆ. "ಅಕ್ಕ, ನೀವು ಕಾರ್ಡು, ಮುಖ ಸ್ಕ್ಯಾನ್ ಮಾಡಿ ಸಾಕು, ಉಳಿದದ್ದು ನಾ ನೋಡ್ಕೋತೆ" ಅಂದರು. ನಾಲ್ಕು ಸಾವಿರ ತಗೊಂಡರು. ಖಾತೆಗೆ ಹಾಕಿದ ಇಮೇಲ್ ಮಾತ್ರ ಅವರದು. ನನ್ನದು ಅಂತ ಇದ್ದದ್ದು ಇಂಗ್ಲೆಂಡಿನ ಫೋನ್ ನಂಬರ್ ಒಂದೇ.

ಊರಿಗೆ ಬಂದವಳು ಹುಬ್ಬಳ್ಳಿಗೆ ಹೋಗಿ ಪಾಸ್‌ಪೋರ್ಟ್ ಹೊಸದು ಮಾಡಿಸಿಕೊಂಡೆ. ಹೊಸ ಪಾಸ್‌ಪೋರ್ಟ್ ಅಂದರೆ ಹೊಸ ನಂಬರ್. ಅದನ್ನು ಇ-ವೀಸಾ ಖಾತೆಯಲ್ಲಿ ನಾವೇ ಹೋಗಿ ಬದಲಾಯಿಸಬೇಕು, ತಾನಾಗಿ ಆಗುವುದಿಲ್ಲ. ಇದನ್ನು ಯಾರೂ ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೊರಟ ದಿನ ಜೋರು ಮಳೆ. ಗೋವಾ ದಾರಿಯಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನ ಹೊಸ ಸೇತುವೆ ಒಂದರಲ್ಲೇ ಹೋಗಬೇಕಲ್ಲ, ಅದಕ್ಕೇ ಭಾವ ಬೆಳಗಿನ ಜಾವವೇ ಕಾರು ತೆಗೆದಿದ್ದರು. ಕೌಂಟರಿನ ಹುಡುಗ ಪಾಸ್‌ಪೋರ್ಟನ್ನು ಯಂತ್ರದ ಮೇಲೆ ಒತ್ತಿದ. ಪರದೆ ನೋಡಿದ. ಬಟ್ಟೆಯಲ್ಲಿ ಒರೆಸಿ ಮತ್ತೆ ಒತ್ತಿದ. "ಮೇಡಂ, ಈ ಪಾಸ್‌ಪೋರ್ಟಿಗೆ ವೀಸಾ ಕಾಣಿಸ್ತಾ ಇಲ್ಲ." ಬಿಆರ್‌ಪಿ ಕಾರ್ಡ್ ತೋರಿಸಿದೆ. "ಇದು ಈಗ ನಡೆಯೋದಿಲ್ಲ" ಅಂದ. ಹಳೇ ಪಾಸ್‌ಪೋರ್ಟ್ ಇದೆಯಾ ಅಂತ ಕೇಳಿದ. ಅದು ಮನೆಯ ಕಪಾಟಿನಲ್ಲಿ, ಆಯಿಯ ಸೀರೆಗಳ ಕೆಳಗೆ. ಅದು ಕೈಯಲ್ಲಿದ್ದಿದ್ದರೆ ಇನ್ನೊಂದು ಸಲ ನೋಡುತ್ತಿದ್ದರೋ ಏನೋ.

ಅಲ್ಲೇ ನಿಂತು ಖಾತೆ ತೆರೆಯಲು ನೋಡಿದೆ. ಒಳಗೆ ಹೋಗಬೇಕಾದರೆ ಆರಂಕಿಯ ಕೋಡ್ ಬೇಕು, ಅದು ಬರುವುದು ಇಮೇಲ್‌ಗೆ ಅಥವಾ ಫೋನಿಗೆ. ಇಂಗ್ಲೆಂಡ್ ಸಿಮ್‌ಗೆ ಇಲ್ಲಿ ಸಿಗ್ನಲ್ಲೇ ಇರಲಿಲ್ಲ. ಏಜೆಂಟರು ಫೋನ್ ಎತ್ತಲಿಲ್ಲ. ನನ್ನ ಹಿಂದೆ ಸಾಲು ಬೆಳೆಯುತ್ತಿತ್ತು. ಬದಿಗೆ ಸರಿದು ನಿಂತೆ, ವಿಮಾನ ಹೋಯಿತು.

ಮಾರನೇ ದಿನ ಮಧ್ಯಾಹ್ನ ಏಜೆಂಟರು ಫೋನಿಗೆ ಸಿಕ್ಕರು. ನಮ್ಮನೆಯಲ್ಲಿ ನೆಟ್‌ವರ್ಕ್ ಬರುವುದು ಹಿತ್ತಿಲ ಬಾವಿಕಟ್ಟೆಯ ಹತ್ತಿರ ಮಾತ್ರ. ಆಯಿ ಕೊಡೆ ಹಿಡಿದು ನಿಂತಳು, ನಾನು ಒಂದು ಕೈಯಲ್ಲಿ ನನ್ನ ಫೋನು, ಇನ್ನೊಂದರಲ್ಲಿ ಅಪ್ಪನ ಫೋನು ಹಿಡಿದು ಕೂತೆ. ಏಜೆಂಟರು ವಾಟ್ಸಾಪ್‌ನಲ್ಲಿ ಕಳಿಸಿದ ಕೋಡ್ ನನಗೆ ತಲುಪುವಷ್ಟರಲ್ಲಿ ಅವಧಿ ಮುಗಿದಿತ್ತು. ಕೊನೆಗೆ ಅವರು ಅಪ್ಪನ ಫೋನಿನಲ್ಲಿ ಒಂದೊಂದೇ ಅಂಕಿ ಹೇಳಿದರು, ನಾನು ಒತ್ತಿದೆ. ಒಳಗೆ ಹೋದ ತಕ್ಷಣ ಮೊದಲು ಇಮೇಲ್ ಬದಲಾಯಿಸಿದೆ. ಆಮೇಲೆ ಹೊಸ ಪಾಸ್‌ಪೋರ್ಟಿನ ಫೋಟೊ ಹಾಕಿದೆ. ಅದು ಸೇರಿಕೊಳ್ಳಲು ಐದು ದಿನ ಹಿಡಿಯಿತು. ಟಿಕೆಟ್ ಮತ್ತೆ ತೆಗೆಸಬೇಕಾಯಿತು, ಒಂದು ವಾರದ ಸಂಬಳ ಹೋಯಿತು. ಅಪ್ಪ ಆ ದುಡ್ಡಿಗಾಗಿ ಸೊಸೈಟಿಯಲ್ಲಿಟ್ಟ ಠೇವಣಿ ಮುರಿಸಿದರು. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಆದ್ದರಿಂದ ಕೇಳಿಕೊಳ್ಳುತ್ತೇನೆ. ಖಾತೆಯಲ್ಲಿ ನಿಮ್ಮದೇ ಇಮೇಲ್ ಇರಲಿ, ಊರಲ್ಲೂ ನಡೆಯುವ ಫೋನ್ ನಂಬರ್ ಇರಲಿ. ಪಾಸ್‌ಪೋರ್ಟ್ ಕೈಗೆ ಬಂದ ದಿನವೇ ಹೊಸ ನಂಬರ್ ಸೇರಿಸಿ, ಟಿಕೆಟಿನ ದಿನದವರೆಗೆ ಕಾಯಬೇಡಿ. ಹೆಸರು, ವೀಸಾ ಮುಗಿಯುವ ತಾರೀಕು ಸರಿಯಿದೆಯಾ ನೋಡಿ. ಹೊರಡುವ ಮೊದಲು ಶೇರ್ ಕೋಡ್ ತೆಗೆದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ವೀಸಾ ವಿವರವನ್ನು ಬೇರೆಯವರು ಆನ್‌ಲೈನ್‌ನಲ್ಲಿ ನೋಡಲು ಖಾತೆಯಿಂದ ತೆಗೆದುಕೊಡುವ ಒಂಬತ್ತು ಅಕ್ಷರ-ಅಂಕಿಗಳ ಕೋಡ್ ಅದು, 90 ದಿನ ನಡೆಯುತ್ತದೆ. ಹಳೇ ಪಾಸ್‌ಪೋರ್ಟನ್ನೂ ಕೈಚೀಲದಲ್ಲೇ ಇಟ್ಟುಕೊಳ್ಳಿ, ಸೂಟ್‌ಕೇಸಿನಲ್ಲಿ ಬೇಡ.

ನಮ್ಮ ಕೇರಿಯ ಹುಡುಗನೊಬ್ಬ ಮುಂದಿನ ತಿಂಗಳು ವಾಪಸ್ ಹೊರಟಿದ್ದಾನೆ. ಮೊನ್ನೆ ವಿಡಿಯೊ ಕಾಲ್‌ನಲ್ಲಿ ಅವನ ಖಾತೆ ತೆರೆಸಿದೆ. ಅಲ್ಲೂ ಇದ್ದದ್ದು ಏಜೆಂಟರ ಇಮೇಲೇ. ಫೋನ್ ಇಡುವ ಮೊದಲೇ ಬದಲು ಮಾಡಿಸಿದೆ.