ಚೆಂಗ್ಡುವಿನ ಕಬ್ಬಿಣದ ಬಾಣಲೆ: ವರ್ಷ ದಾಟಿದ ಮೇಲೆ ಹೇಗಿದೆ?

ಈ ಬಾಣಲೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾಗಿರುವುದು ಅದನ್ನು ತೊಳೆಯುವ ಕೆಲಸ. ಕೊಂಡಿದ್ದು ರುಚಿಗೋಸ್ಕರ, ನಿಜ. ಆದರೆ ಇಷ್ಟು ದಿನವಾದರೂ ಒಲೆ ಮೇಲೆ ಇದನ್ನೇ ಇಡುತ್ತೇನೆ ಅಂದರೆ ಅದಕ್ಕೆ ಕಾರಣ ಅಡುಗೆ ಇಳಿಸಿದ ಮೇಲಿನ ಎರಡು ನಿಮಿಷ.

ಕೋಟಿಂಗ್ ಇಲ್ಲದ, ದುಂಡು ತಳದ ಕಾರ್ಬನ್ ಸ್ಟೀಲ್ ಬಾಣಲೆ, 200 ಯುವಾನ್ ಒಳಗೆ ಸಿಕ್ಕಿತು. ಅಳತೆ, ತೂಕ ಎಲ್ಲ ಮಾರುವವರೇ ಬರೆದಿರುತ್ತಾರೆ, ಇಲ್ಲಿ ಬೇಡ. ನಾನು ಕೊಡಗಿನವಳು, ಕೆಲಸಕ್ಕೆಂದು ಚೀನಾದ ಸಿಚುವಾನ್ ಪ್ರಾಂತ್ಯದ ಚೆಂಗ್ಡುವಿನಲ್ಲಿದ್ದೇನೆ. ಬಾಡಿಗೆ ಮನೆ, ಗ್ಯಾಸ್ ಒಲೆ, ರಾತ್ರಿ ಅನ್ನದ ಜೊತೆ ಒಂದೇ ಬಾಣಲೆಯ ಅಡುಗೆ. ಹೆಚ್ಚಾಗಿ ಸುವಾನ್‌ತಾಯ್ ರೌಸಿ, ಅಂದರೆ ಬೆಳ್ಳುಳ್ಳಿ ಗಿಡದ ಹೂದಂಟು ಹಾಕಿ ಹುರಿದ ಹಂದಿಮಾಂಸ. ಇಲ್ಲಿನ ಮನೆಗಳಲ್ಲಿ ಇದು ದಿನನಿತ್ಯದ ಊಟ. ದಂಟು ಸಿಗದಿದ್ದರೆ ಹಸಿಮೆಣಸಿನಕಾಯಿ ಹಾಕುತ್ತೇನೆ.

ಮಾಡುವುದು ಸುಲಭ, ಆದರೆ ಕ್ರಮ ತಪ್ಪಬಾರದು. ಕೊಬ್ಬು ಕಡಿಮೆ ಇರುವ 200 ಗ್ರಾಂ ಮಾಂಸವನ್ನು ಸಣ್ಣ ಉದ್ದುದ್ದ ತುಂಡು ಮಾಡಬೇಕು. ದನದ ಮಾಂಸ ಎಳೆಗೆ ಅಡ್ಡ, ಹಂದಿ ಓರೆ, ಕೋಳಿ ಉದ್ದಕ್ಕೆ, ಇದು ಇಲ್ಲಿನವರ ಲೆಕ್ಕ. ಚಿಟಿಕೆ ಉಪ್ಪು, ಸೋಯಾ ಸಾಸ್, ಅಡುಗೆಗೆ ಬಳಸುವ ಅಕ್ಕಿ ಮದ್ಯ ಒಂದು ಚಮಚ, ಎರಡು ಚಮಚ ನೀರು ಹಾಕಿ, ಮಾಂಸ ಆ ನೀರನ್ನೆಲ್ಲ ಹೀರುವವರೆಗೆ ಕೈಯಲ್ಲೇ ಕಲಸಿ, ಆಮೇಲೆ ಕಾರ್ನ್‌ಫ್ಲೋರ್, ಕೊನೆಗೆ ಒಂದು ಚಮಚ ಎಣ್ಣೆ. ಹತ್ತು ನಿಮಿಷ ಬಿಡಿ. ಬಾಣಲೆ ಹೊಗೆಯಾಡುವಷ್ಟು ಕಾದ ಮೇಲೆ ಸ್ವಲ್ಪ ಎಣ್ಣೆ ಸುತ್ತಲೂ ಆಡಿಸಿ ಚೆಲ್ಲಿ, ಹೊಸ ಎಣ್ಣೆ ಹಾಕಿ, ಅದು ಕಾಯುವ ಮೊದಲೇ ಮಾಂಸ ಹಾಕಬೇಕು. ಬಾಣಲೆ ಬಿಸಿ, ಎಣ್ಣೆ ತಣ್ಣಗೆ. ಸಿಚುವಾನ್‌ನವರು ಹೆಚ್ಚು ಬಳಸುವ ರೇಪ್‌ಸೀಡ್ ಎಣ್ಣೆಗೆ ಹಸಿ ಘಾಟು ಇರುತ್ತದೆ, ಅದಕ್ಕೆ ಮೊದಲೇ ಒಮ್ಮೆ ಚೆನ್ನಾಗಿ ಕಾಯಿಸಿ ಆರಿಸಿಟ್ಟ ಎಣ್ಣೆಯನ್ನೇ ಬಳಸುತ್ತೇನೆ. ಮಾಂಸ ಬೆಳ್ಳಗಾದ ಕೂಡಲೇ ತೆಗೆದಿಡಿ. ಅದೇ ಬಾಣಲೆಗೆ ಶುಂಠಿ, ಬೆಳ್ಳುಳ್ಳಿ, ಅರ್ಧ ಚಮಚ ದೌಬಾನ್ ಪೇಸ್ಟ್ (ಕಾಳು, ಮೆಣಸಿನಕಾಯಿ ಹುದುಗಿಸಿ ಮಾಡಿದ್ದು), ಹೆಚ್ಚಿದ ದಂಟು. ಎರಡು ನಿಮಿಷ ಹುರಿದು ಮಾಂಸ ವಾಪಸ್ ಹಾಕಿ, ಚಿಟಿಕೆ ಸಕ್ಕರೆ ಉದುರಿಸಿ ಇಳಿಸಿ. ದಂಟು ಇನ್ನೂ ಕರಕರ ಅನ್ನಬೇಕು.

ಬಾಣಲೆ ಹೊಸದಿದ್ದಾಗ ಕಾರ್ನ್‌ಫ್ಲೋರ್ ತಳ ಹಿಡಿದು ಕರಕಲಾಗುತ್ತಿತ್ತು. ಸಟ್ಟುಗದಲ್ಲಿ ಕೆರೆದೂ ಕೆರೆದೂ ಸಿಟ್ಟು ಬರುತ್ತಿತ್ತು. ಪಳಗಿದ ಮೇಲೆ ಆ ಕಾಟ ನಿಂತಿತು. ಪಳಗುವುದು ಅಂದರೆ ತೆಳ್ಳಗಿನ ಎಣ್ಣೆ ಕಾವಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುವುದು, ಪದರದ ಮೇಲೆ ಪದರ. ನಮ್ಮ ದೋಸೆ ಕಾವಲಿಯಲ್ಲಿ ಆಗುವುದೂ ಇದೇ ಅಲ್ವಾ.

ಇನ್ನು ತೊಳೆಯುವ ಕೆಲಸ. ತಟ್ಟೆಗೆ ಬಡಿಸಿದ ತಕ್ಷಣ, ಬಾಣಲೆ ಇನ್ನೂ ಬಿಸಿ ಇರುವಾಗಲೇ ಬಿಸಿನೀರು ಹಾಕುತ್ತೇನೆ. ಚುಂಯ್ ಅಂತ ಹಬೆ ಏಳುತ್ತದೆ, ಅಂಟಿದ್ದೆಲ್ಲ ತಾನಾಗಿ ಬಿಡುತ್ತದೆ. ಬಿದಿರು ಸೀಳಿ ಕಟ್ಟಿದ ಬ್ರಷ್‌ನಲ್ಲಿ ಎರಡು ಸುತ್ತು. ಕೆಲವರು ಒಣಗಿದ ಹೀರೆಕಾಯಿಯ ನಾರು ಬಳಸುತ್ತಾರೆ, ಅದೂ ಚೆನ್ನಾಗಿಯೇ ಇದೆ. ಸೋಪು ಬೇಕಾಗುವುದಿಲ್ಲ. ನೀರು ಚೆಲ್ಲಿ ಮತ್ತೆ ಉರಿಗೆ ಇಟ್ಟರೆ ಹನಿಗಳು ಓಡಾಡಿ ಒಂದೊಂದೇ ಆರಿಹೋಗುತ್ತವೆ, ಒದ್ದೆ ಕಪ್ಪು ಹೋಗಿ ಒಣ ಕಪ್ಪು ಬರುತ್ತದೆ. ಎರಡು ಹನಿ ಎಣ್ಣೆ, ಹಳೇ ಬಟ್ಟೆಯಿಂದ ಒರೆಸು, ಮುಗಿಯಿತು. ಅನ್ನ ಬಡಿಸಿಕೊಳ್ಳುವ ಹೊತ್ತಿಗೆ ಸಿಂಕ್ ಖಾಲಿ. ದಿನವಿಡೀ ಆಫೀಸಿನಲ್ಲಿ ಯಾವ ಕೆಲಸವೂ ಪೂರ್ತಿ ಮುಗಿಯುವುದಿಲ್ಲ, ಇದೊಂದು ಮಾತ್ರ ಕಣ್ಣೆದುರೇ ಮುಗಿಯುತ್ತದೆ. ಅದರ ಸುಖ ನನಗೆ ತುಂಬಾ ದೊಡ್ಡದು.

ಆದರೆ ಹಿಡಿಕೆ ವಿಷಯಕ್ಕೆ ಬಂದರೆ ಈಗಲೂ ಬೇಜಾರು. ಮರದ ಹಿಡಿಕೆಯನ್ನು ಒಂದೇ ಸ್ಕ್ರೂನಲ್ಲಿ ನಿಲ್ಲಿಸಿದ್ದಾರೆ. ಕಾವಿಗೆ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಒಂದು ಸಂಜೆ ಬಿಸಿ ಎಣ್ಣೆ ಇರುವಾಗಲೇ ಬಾಣಲೆ ಕೈಯಲ್ಲಿ ತಿರುಗಿಬಿಟ್ಟಿತು. ಮಾರಿದವರನ್ನು ಕೇಳಿದರೆ ಬಿಗಿ ಮಾಡಿಕೊಳ್ಳಿ ಅಂದರು, ಅಷ್ಟೇ. ದಿನಾ ಬೆಂಕಿ ಮೇಲೆ ಎತ್ತಿ ಆಡಿಸುವ ವಸ್ತುವಿಗೆ ಇಂಥ ಹಿಡಿಕೆ ಕೊಡುವುದು ತಪ್ಪು. ಕೊನೆಗೆ ಹಾರ್ಡ್‌ವೇರ್ ಅಂಗಡಿಯವರು ಉದ್ದ ಸ್ಕ್ರೂ, ವಾಷರ್ ಹಾಕಿಕೊಟ್ಟರು, ಈಗ ಅಲುಗಾಡುವುದಿಲ್ಲ.

ಇನ್ನೊಂದು ಮಾತು ಊರಿನವರಿಗೆ. ಇದರಲ್ಲಿ ಪಂದಿ ಕರಿ ಮಾಡಬೇಡಿ. ಕಾಚಂಪುಳಿಯ, ಅಂದರೆ ನಮ್ಮ ಕೊಡಗಿನ ಕಪ್ಪು ವಿನೆಗರ್‌ನ, ಹುಳಿ ಹೊತ್ತುಗಟ್ಟಲೆ ಕುದಿದರೆ ಪಳಗಿದ ಪದರವನ್ನು ತಿಂದುಹಾಕುತ್ತದೆ, ಹುಣಸೆಹಣ್ಣು, ಟೊಮೆಟೊ ಕೂಡ ಹಾಗೇ. ಇಲ್ಲಿನವರೂ ಅಡುಗೆಗೆ ವಿನೆಗರ್ ಹಾಕುತ್ತಾರೆ, ಆದರೆ ಹುರಿಯುವ ಅಡುಗೆಗೆ ಕೊನೇ ಗಳಿಗೆಯಲ್ಲಿ ಸುರಿದು ಕೂಡಲೇ ಇಳಿಸುತ್ತಾರೆ, ಅದರಿಂದ ತೊಂದರೆ ಇಲ್ಲ. ಪಂದಿ ಕರಿಗೆ ನಾನು ಬೇರೆ ಪಾತ್ರೆಯನ್ನೇ ಇಟ್ಟಿದ್ದೇನೆ. ಚೆಂಗ್ಡುವಿನ ಹವೆ ತೇವದ್ದು, ಮಡಿಕೇರಿಯ ಮಳೆಗಾಲವಂತೂ ಕೇಳುವುದೇ ಬೇಡ. ಒರೆಸದೆ ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು.

ದಿನಾ ಅಡುಗೆ ಮಾಡುವವರಿಗೆ ಈ ದುಡ್ಡಿಗೆ ಇದು ಖಂಡಿತ ಸರಿ. ವಾರಕ್ಕೊಮ್ಮೆ ಒಲೆ ಹಚ್ಚುವವರಿಗೆ ಸುಮ್ನೆ ತಲೆನೋವು. ಇಲ್ಲಿನ ಮನೆಯ ಒಲೆಗಳ ಉರಿ 4 ಕಿಲೋವ್ಯಾಟ್‌ಗಿಂತ ಜಾಸ್ತಿ, ನಮ್ಮೂರಿನ ಸಾಮಾನ್ಯ ಗ್ಯಾಸ್ ಒಲೆಯದು ಅದರ ಅರ್ಧದಷ್ಟು. ಹಾಗಾಗಿ ಅಲ್ಲಿ ಮಾಡುವವರು ಒಂದು ಸಲಕ್ಕೆ 100 ಗ್ರಾಂ ಮಾಂಸ ಮಾತ್ರ ಹಾಕಿ, ಇಲ್ಲದಿದ್ದರೆ ನೀರು ಬಿಟ್ಟು ಬೇಯುತ್ತದೆ, ಹುರಿಯುವುದಿಲ್ಲ. ತಳ ಚಪ್ಪಟೆ ಇರುವುದನ್ನೇ ಆರಿಸಿ, ಹಿಡಿಕೆಗೆ ರಿವೆಟ್ ಹೊಡೆದಿದ್ದಾರಾ ಅಂತ ನೋಡಿಯೇ ದುಡ್ಡು ಕೊಡಿ.